200 ಲೀಟರ್ ಡ್ರಮ್ಮಿನಿಂದ 20 ಲೀಟರ್ ಕ್ಯಾನಿಗೆ: ಮನೆಯಲ್ಲಿ ಸ್ಯೂಡೋಮೊನಾಸ್ ಬೆಳೆಸಲು ಹೋದ ಕತೆ

ಮೊದಲೇ ಹೇಳಿಬಿಡುತ್ತೇನೆ, ನಾನು ಓದಿದ್ದು ಎಲೆಕ್ಟ್ರಿಕಲ್ ಡಿಪ್ಲೊಮಾ. ಮುಳಬಾಗಿಲು ತಾಲ್ಲೂಕಿನಲ್ಲಿ ನಮಗೆ ಎರಡು ಎಕರೆ ಕೆಂಪು ಮಣ್ಣು, ಒಂದು ಬೋರ್‌ವೆಲ್, ಡ್ರಿಪ್ಪು, ಎರಡು ಹಸು. ಬ್ಯಾಕ್ಟೀರಿಯಾ ಬಗ್ಗೆ ನನಗೆ ಗೊತ್ತಿದ್ದದ್ದು ಅಮ್ಮ ಹಾಲಿಗೆ ಹೆಪ್ಪು ಹಾಕುತ್ತಾಳೆ ಅನ್ನುವಷ್ಟು ಮಾತ್ರ. ಹಾಗಿದ್ದವನು ಆರು ತಿಂಗಳು, ಸ್ಯೂಡೋಮೊನಾಸ್ ಅನ್ನುವ, ಗಿಡದ ಬೇರಿಗೆ ಒಳ್ಳೆಯದಾದ ಬ್ಯಾಕ್ಟೀರಿಯಾ ಬೆಳೆಸುವುದರ ಹಿಂದೆ ಬಿದ್ದೆ. ಎರಡು ಪಂಪು ಕಳೆದುಕೊಂಡೆ, ಒಂದು ಡ್ರಮ್ಮು ತುಂಬಾ ಹೆಂಡದಂಥದ್ದನ್ನು ಇಳಿಸಿದೆ. ಇನ್ನೊಬ್ಬರು ಇದನ್ನೇ ಮಾಡಲು ಹೊರಟಿದ್ದರೆ ಕನಿಷ್ಠ ನಾನು ಬಿದ್ದ ಗುಂಡಿಗಳಲ್ಲೇ ಬೀಳದಿರಲಿ ಅಂತ ಬರೆದಿಡುತ್ತಿದ್ದೇನೆ.

ಶುರುವಾಗಿದ್ದು ಸೊರಗು ರೋಗದಿಂದ. ಹೋದ ಸಲದ ಟೊಮೆಟೊದಲ್ಲಿ ಬೆಳಗ್ಗೆ ಚೆನ್ನಾಗಿದ್ದ ಗಿಡ ಮಧ್ಯಾಹ್ನಕ್ಕೆ ತಲೆ ಬಗ್ಗಿಸುತ್ತಿತ್ತು. ಎಲೆ ಹಳದಿಯಾಗದೆ, ಹಸಿರಾಗಿದ್ದಾಗಲೇ ಜೋತುಬೀಳುತ್ತಿತ್ತು. ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ತೂಗುಹಾಕಿ ನೋಡಿ ಅಂತ ಪಕ್ಕದ ತೋಟದ ಭಾವ ಹೇಳಿದರು. ಎರಡು ಮೂರು ನಿಮಿಷಕ್ಕೆ ಕತ್ತರಿಸಿದ ಬಾಯಿಂದ ಹಾಲಿನಂಥ ಬಿಳಿ ಎಳೆ ಕೆಳಗೆ ಇಳಿಯತೊಡಗಿತು. ಅದು ರಾಲ್ಸ್ಟೋನಿಯಾ ಅನ್ನುವ ಬ್ಯಾಕ್ಟೀರಿಯಾ. ಗಿಡದ ನೀರಿನ ಕೊಳವೆಯಲ್ಲೇ ತುಂಬಿಕೊಂಡು ದಾರಿ ಕಟ್ಟುತ್ತದೆ. ಒಮ್ಮೆ ಬಂದ ಗಿಡಕ್ಕೆ ಔಷಧಿ ಹೊಡೆದು ಉಳಿಸುವ ಆಸೆ ಬೇಡ, ಕಿತ್ತು ಹೊರಗೆ ಹಾಕಬೇಕು ಅಷ್ಟೇ. ಬರದ ಹಾಗೆ ಸ್ವಲ್ಪ ತಡೆಯಬಹುದು, ಅದಕ್ಕೆ ಬೇರಿನ ಸುತ್ತ ಒಳ್ಳೆಯ ಬ್ಯಾಕ್ಟೀರಿಯಾ ಮೊದಲೇ ಜಾಗ ಹಿಡಿದಿರಬೇಕು, ಸ್ಯೂಡೋಮೊನಾಸ್ ಫ್ಲೋರೆಸೆನ್ಸ್ ಹಾಕಿ ಅಂದರು.

ಹಾಕಲು ನಾನು ರೆಡಿ. ಆದರೆ ಎರಡು ಎಕರೆಗೆ ಹದಿನೈದು ದಿನಕ್ಕೊಮ್ಮೆ ಬುಡಕ್ಕೆ ಬಿಡಬೇಕು ಅಂದರೆ ಎಷ್ಟು ಕೆಜಿ ಪ್ಯಾಕೆಟ್ ಆಗುತ್ತದೆ ಅಂತ ಲೆಕ್ಕ ಹಾಕಿ ಸುಮ್ಮನಾದೆ. ಆಮೇಲೆ ತಲೆಗೆ ಬಂದದ್ದು ಹೆಪ್ಪಿನ ಲೆಕ್ಕ. ಒಂದು ಚಮಚ ಮೊಸರಿನಿಂದ ಒಂದು ಪಾತ್ರೆ ಮೊಸರಾಗುತ್ತದೆ, ಅಲ್ವಾ? ಒಂದು ಬ್ಯಾಕ್ಟೀರಿಯಾ ಎರಡಾಗಿ, ಎರಡು ನಾಲ್ಕಾಗಿ, ಹತ್ತು ಸಲ ಒಡೆದರೆ 1024. ಹಾಗಾದರೆ ಒಂದು ಪ್ಯಾಕೆಟ್ಟಿನಿಂದ ಒಂದು ಡ್ರಮ್ಮು ಯಾಕೆ ಆಗಬಾರದು?

ಅಕ್ಟೋಬರ್, ಮೊದಲ ಡ್ರಮ್ಮು

ಗುಜರಿಯಲ್ಲಿ ನೀಲಿ ಬಣ್ಣದ 200 ಲೀಟರ್ ಡ್ರಮ್ಮು ತಂದೆ. ಒಳಗೆ ಮೊದಲು ಏನಿತ್ತು ಅಂತ ಮೂಸಿ ನೋಡಿ, ಮೂರು ಸಲ ಸೋಪಿನ ನೀರು, ಮೂರು ಸಲ ಬರೀ ನೀರು ಹಾಕಿ ತೊಳೆದೆ. ಮೀನಿನ ತೊಟ್ಟಿಗೆ ಹಾಕುವ ಗಾಳಿ ಪಂಪು ಒಂದು, ಗಾಳಿ ಕಲ್ಲು ನಾಲ್ಕು, ಸಣ್ಣ ಟ್ಯೂಬು. ಸ್ಯೂಡೋಮೊನಾಸ್‌ಗೆ ಉಸಿರಾಡಲು ಆಮ್ಲಜನಕ ಬೇಕು, ಗಾಳಿ ಇಲ್ಲದೆ ಬೆಳೆಯುವ ಜಾತಿ ಅಲ್ಲ ಅಂತ ಓದಿದ್ದೆ, ಅದಕ್ಕೇ ಪಂಪು. 180 ಲೀಟರ್ ನೀರು, ಎರಡು ಕೆಜಿ ಬೆಲ್ಲ, ಅಂಗಡಿಯಿಂದ ತಂದ ಒಂದು ಕೆಜಿ ಪ್ಯಾಕೆಟ್. ಸಂಜೆ ಆರಕ್ಕೆ ಸ್ವಿಚ್ ಹಾಕಿದೆ. ನೀರು ಕುದಿಯುವ ಹಾಗೆ ಗುಳ್ಳೆ. ನೋಡಲು ಎಷ್ಟು ಚೆನ್ನಾಗಿತ್ತೆಂದರೆ ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಬೆಳಗ್ಗೆ ಹೋದರೆ ಪಂಪು ಸತ್ತಿತ್ತು. ಬಿಚ್ಚಿದಾಗ ಒಳಗಿಂದ ಬೆಲ್ಲದ ನೀರು ಸುರಿಯಿತು. ರಾತ್ರಿ ಕರೆಂಟು ಹೋಗಿದೆ, ಪಂಪು ನಿಂತಿದೆ, ಪಂಪು ನೆಲದ ಮೇಲಿದ್ದ ಕಾರಣ ಡ್ರಮ್ಮಿನ ನೀರು ಗಾಳಿ ಟ್ಯೂಬಿನಲ್ಲೇ ವಾಪಸ್ ಬಂದು ಪಂಪಿನೊಳಗೆ ತುಂಬಿಕೊಂಡಿದೆ, ಆಮೇಲೆ ಕರೆಂಟು ಬಂದಿದೆ. ಅಷ್ಟೇ ಕತೆ. ಎಲೆಕ್ಟ್ರಿಕಲ್ ಓದಿದವನಿಗೆ ಇದು ಹೊಳೆಯಲಿಲ್ಲ ಅನ್ನುವುದೇ ನಾಚಿಕೆ.

ಹೊಸ ಪಂಪು ತರಲು ಎರಡು ದಿನ ಆಯಿತು. ಅಷ್ಟರಲ್ಲಿ ಡ್ರಮ್ಮಿನ ಮುಚ್ಚಳ ತೆಗೆದರೆ ಗಮ್ಮೆಂದು ಹುಳಿ ವಾಸನೆ. ಅಪ್ಪ ಅಂಗಳದಿಂದಲೇ, "ಏನಪ್ಪಾ, ಹೆಂಡ ಇಳಿಸ್ತಿದೀಯಾ?" ಅಂದರು. ತಮಾಷೆಗೆ ಅಂದರೂ ಅದು ನಿಜವೇ. ಬೆಲ್ಲದಲ್ಲೇ ಯೀಸ್ಟು ಇರುತ್ತದೆ, ಗಾಳಿ ನಿಂತ ಮೇಲೆ ಯೀಸ್ಟಿಗೂ ಹುಳಿ ಬ್ಯಾಕ್ಟೀರಿಯಾಗಳಿಗೂ ಹಬ್ಬ. ಪಿಎಚ್ ಕಾಗದ ಅದ್ದಿ ನೋಡಿದರೆ 4. ಅಷ್ಟು ಹುಳಿಯಲ್ಲಿ ಸ್ಯೂಡೋಮೊನಾಸ್ ಬೆಳೆಯುವುದಿಲ್ಲ. ತಿಪ್ಪೆಗೆ ಸುರಿದೆ.

ಕರೆಂಟಿನ ರಿಪೇರಿ

ಇದು ನನ್ನ ಕ್ಷೇತ್ರ, ಆದ್ದರಿಂದ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಬ್ಯಾಟರಿ ಸ್ಪ್ರೇಯರಿನ 12 ವೋಲ್ಟ್ 8 ಆಂಪಿಯರ್ ಅವರ್ ಬ್ಯಾಟರಿ ಮೂಲೆಯಲ್ಲಿ ಬಿದ್ದಿತ್ತು. 12 ವೋಲ್ಟಿನ ಡಿಸಿ ಗಾಳಿ ಪಂಪು ತರಿಸಿದೆ, 12 ವೋಲ್ಟ್ 2 ಆಂಪಿಯರ್ ಅಡಾಪ್ಟರ್ ಒಂದು. ಮಧ್ಯೆ ಕಾರಿನ ಹಾರ್ನಿಗೆ ಹಾಕುವ ಐದು ಪಿನ್ನಿನ ರಿಲೇ (ಕರೆಂಟಿನಿಂದ ತಾನೇ ಬದಲಾಗುವ ಸ್ವಿಚ್ಚು), ಯಾವ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಬೇಕಾದರೂ ಸಿಗುತ್ತದೆ.

ಪಂಪಿನ ಪ್ಲಸ್ ವೈರು 30ನೇ ಪಿನ್ನಿಗೆ. ಅಡಾಪ್ಟರಿನ ಪ್ಲಸ್ 87ಕ್ಕೆ, ಅದರಿಂದಲೇ ಒಂದು ತುಂಡು 85ಕ್ಕೆ. 86 ಮೈನಸ್ಸಿಗೆ. ಬ್ಯಾಟರಿಯ ಪ್ಲಸ್ ಒಂದು ಫ್ಯೂಸ್ ಮೂಲಕ 87ಎಗೆ. ಎಲ್ಲದರ ಮೈನಸ್ ಒಂದೇ ಕಡೆ. ಕರೆಂಟು ಇದ್ದಾಗ ಅಡಾಪ್ಟರ್ ರಿಲೇಯನ್ನು ಎಳೆದು ಹಿಡಿದಿರುತ್ತದೆ, ಪಂಪು ಅದರಲ್ಲೇ ಓಡುತ್ತದೆ. ಕರೆಂಟು ಹೋದ ತಕ್ಷಣ ಟಕ್ ಅಂತ ಸದ್ದು, ರಿಲೇ ಬಿಟ್ಟುಕೊಳ್ಳುತ್ತದೆ, ಪಂಪು ಬ್ಯಾಟರಿಗೆ ಹೋಗುತ್ತದೆ. ಮೊದಲ ದಿನ ನಾನು 87 ಮತ್ತು 87ಎ ಅದಲು ಬದಲು ಹಾಕಿದ್ದೆ. ಕರೆಂಟು ಇರುವಷ್ಟು ಹೊತ್ತೂ ಬ್ಯಾಟರಿ ಖಾಲಿಯಾಗುತ್ತಾ ಇತ್ತು, ಕರೆಂಟು ಹೋದಾಗ ಪಂಪು ನಿಲ್ಲುತ್ತಿತ್ತು. ಬೇಕಾದದ್ದಕ್ಕೆ ಪೂರ್ತಿ ಉಲ್ಟಾ. ಇವತ್ತಿಗೂ ಪಿನ್ನಿನ ಪಕ್ಕ ಪರ್ಮನೆಂಟ್ ಮಾರ್ಕರಿನಲ್ಲಿ ಬರೆದಿಟ್ಟಿದ್ದೇನೆ.

ಪಂಪನ್ನು ನೆಲದಿಂದ ಎತ್ತಿ, ನೀರಿನ ಮಟ್ಟಕ್ಕಿಂತ ಒಂದು ಮೊಳ ಮೇಲೆ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆ. ಟ್ಯೂಬಿಗೆ ಹಿಂದಕ್ಕೆ ನೀರು ಬಿಡದ ಸಣ್ಣ ವಾಲ್ವೂ ಹಾಕಿದೆ. ಎರಡರಲ್ಲಿ ಒಂದೇ ಸಾಕು ಅನ್ನುತ್ತಾರೆ. ಒಂದು ಪಂಪು ಕಳೆದುಕೊಂಡವನು ಎರಡೂ ಹಾಕುತ್ತಾನೆ.

ಎರಡನೇ ಡ್ರಮ್ಮಿನ ವಿಷಯ ಬೇಗ ಮುಗಿಸುತ್ತೇನೆ. ಗಾಳಿ ಸರಿ, ಬ್ಯಾಟರಿ ಸರಿ, ಮೂರು ದಿನವಾದರೂ ನೀರು ಹಾಗೇ ತಿಳಿ ಕಂದು. ಹುಳಿಯೂ ಇಲ್ಲ, ನೊರೆಯೂ ಇಲ್ಲ, ಹೆಂಡದ ಯೀಸ್ಟು ಕೂಡ ಬಂದಿಲ್ಲ. ಬಂಜರು. ಊಟಕ್ಕೆ ಕೂತಾಗ ಮಾತಿಗೆ ಮಾತು ಬಂದು ಅಮ್ಮ, "ನೀರಿನ ಸಂಪಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ನಲ್ಲೋ, ಸೊಳ್ಳೆಮರಿ ಆಗಿತ್ತು" ಅಂದಳು. ನಾನು ನೀರು ತುಂಬಿಸಿದ ಹಿಂದಿನ ದಿನ! ಅಂದಿನಿಂದ ಬೋರ್‌ವೆಲ್ ಪೈಪಿನಿಂದಲೇ ನೇರವಾಗಿ ಹಿಡಿಯುತ್ತೇನೆ. ನಲ್ಲಿ ನೀರೇ ಗತಿ ಅನ್ನುವವರು ಒಂದು ರಾತ್ರಿ ಬಾಯಿ ತೆರೆದಿಟ್ಟು ಬರೀ ಗಾಳಿ ಪಂಪು ಓಡಿಸಿ, ಕ್ಲೋರಿನ್ ಹಾರಿಹೋಗುತ್ತದೆ.

ಮೂರನೇ ಡ್ರಮ್ಮು, ಮತ್ತು ಹೊಳೆಯದ ಬ್ಯಾಕ್ಟೀರಿಯಾ

ಈ ಸಲ ಎಲ್ಲ ಸರಿಯಾಗಿ ಬಂತು ಅನ್ನಿಸಿತು. ಎರಡನೇ ದಿನಕ್ಕೆ ಗಂಜಿಯಂತೆ ಮಸುಕು, ಮೇಲೆ ತೆಳು ನೊರೆ, ವಾಸನೆಯೂ ಕೆಟ್ಟದ್ದಲ್ಲ, ಪಿಎಚ್ ಆರೂವರೆ. ಖುಷಿಯಾಗಿ ಬುಡಕ್ಕೆ ಬಿಟ್ಟುಬಿಡುತ್ತಿದ್ದೆ. ಆದರೆ ಹೆಸರಿನಲ್ಲೇ ಫ್ಲೋರೆಸೆನ್ಸ್ ಅಂತ ಇದೆಯಲ್ಲ, ನೇರಳಾತೀತ (ಯುವಿ) ಬೆಳಕು ಬಿಟ್ಟರೆ ಹಳದಿ ಹಸಿರಾಗಿ ಹೊಳೆಯುತ್ತದೆ ಅಂತ ಓದಿದ್ದೆ. ನೋಟು ಅಸಲಿಯೋ ನಕಲಿಯೋ ನೋಡುವ ಯುವಿ ಟಾರ್ಚು ತರಿಸಿ ರಾತ್ರಿ ಲೈಟು ಆರಿಸಿ ಡ್ರಮ್ಮಿನೊಳಗೆ ಬಿಟ್ಟೆ. ಏನೂ ಇಲ್ಲ. ಪಕ್ಕದಲ್ಲಿ ನನ್ನ ಬಿಳಿ ಬನಿಯನ್ ಮಾತ್ರ ಫಳಫಳ ಹೊಳೆಯಿತು.

ನನ್ನ ಹೈಸ್ಕೂಲ್ ಗೆಳೆಯನೊಬ್ಬ ಕೋಲಾರದಲ್ಲಿ ಮೈಕ್ರೋಬಯಾಲಜಿ ಪಾಠ ಮಾಡುತ್ತಾನೆ. ಫೋನ್ ಮಾಡಿದೆ. ಅವನ ಮೊದಲ ಪ್ರಶ್ನೆ, "ಲೋ, ಏನು ಊಟ ಹಾಕಿದೀಯಾ ಅದಕ್ಕೆ?" ಬೆಲ್ಲ ಅಂದೆ. ನಕ್ಕ.

ಅವನು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಆ ಹೊಳೆಯುವ ವಸ್ತುವಿನ ಹೆಸರು ಪಯೋವರ್ಡಿನ್. ಅದು ಅಲಂಕಾರಕ್ಕೆ ಇರುವುದಲ್ಲ, ಕಬ್ಬಿಣ ಹಿಡಿಯುವ ಬಲೆ. ಸುತ್ತ ಕಬ್ಬಿಣಕ್ಕೆ ಬರ ಇದ್ದಾಗ ಮಾತ್ರ ಬ್ಯಾಕ್ಟೀರಿಯಾ ಈ ಬಲೆ ಹೆಣೆದು ಹೊರಗೆ ಬೀಸುತ್ತದೆ. ಕಬ್ಬಿಣ ಕೈಗೆಟಕುವ ಹಾಗಿದ್ದರೆ ಯಾಕೆ ಸುಮ್ನೆ ಕಷ್ಟಪಡಬೇಕು? ಬೆಲ್ಲದಲ್ಲಿ ಕಬ್ಬಿಣ ಇದೆ, ರಕ್ತ ಕಡಿಮೆ ಇರುವವರಿಗೆ ತಿನ್ನಿ ಅನ್ನುತ್ತಾರಲ್ವಾ, ಅದೇ. ನಾನು ಹೊಟ್ಟೆ ತುಂಬಾ ಕಬ್ಬಿಣ ಕೊಟ್ಟು ಹೊಳೆಯಲಿಲ್ಲ ಅಂತ ಟಾರ್ಚು ಹಿಡಿದು ಕೂತಿದ್ದೆ.

ನಮ್ಮ ಮಣ್ಣು ಕೆಂಪಗಿರುವುದೇ ಕಬ್ಬಿಣದಿಂದ, ಹಾಗಿದ್ದರೆ ತೋಟದಲ್ಲೂ ಇದು ಬಲೆ ಬೀಸುವುದಿಲ್ಲವಾ ಅಂತ ಕೇಳಿದೆ. ಒಳ್ಳೆ ಪ್ರಶ್ನೆ ಅಂದ (ಆ ದಿನ ಸಿಕ್ಕಿದ ಒಂದೇ ಹೊಗಳಿಕೆ). ಮಣ್ಣಿನ ಕಬ್ಬಿಣ ತುಕ್ಕಿನ ರೂಪದಲ್ಲಿದೆ, ನೀರಿನಲ್ಲಿ ಹೆಚ್ಚುಕಮ್ಮಿ ಕರಗುವುದೇ ಇಲ್ಲ. ರಾಶಿ ಇದ್ದರೂ ಬಾಯಿಗಿಲ್ಲ. ಅದಕ್ಕೇ ಬೇರಿನ ಸುತ್ತ ಈ ಬಲೆಗೆ ಬೆಲೆ. ಇದು ಕಬ್ಬಿಣ ಬಾಚಿಕೊಂಡರೆ ಪಕ್ಕದಲ್ಲಿರುವ ರೋಗದ ಶಿಲೀಂಧ್ರಕ್ಕೆ ಸಿಗದೆ ಸೊರಗುತ್ತದೆ. ಅದಲ್ಲದೆ ಕೆಲವು ತಳಿಗಳು ರೋಗಾಣುವಿಗೆ ವಿಷವಾಗುವ ವಸ್ತುಗಳನ್ನು ಬಿಡುತ್ತವೆ, ಕೆಲವು ಬೇರು ಕವಲೊಡೆಯುವ ಹಾರ್ಮೋನು ಬಿಡುತ್ತವೆ, ಕೆಲವು ಗಿಡದ ರಕ್ಷಣೆಯನ್ನೇ ಮೊದಲೇ ಎಚ್ಚರಿಸಿಡುತ್ತವೆ. ಎಲ್ಲ ತಳಿಯೂ ಎಲ್ಲವನ್ನೂ ಮಾಡುವುದಿಲ್ಲ. ಬೇರು ಕೂಡ ಬಿಟ್ಟಿ ಕೂತಿಲ್ಲ, ತಾನು ಮಾಡಿದ ಸಕ್ಕರೆಯಲ್ಲಿ ಒಂದಷ್ಟನ್ನು ಹೊರಗೆ ಸುರಿದು ಇವುಗಳನ್ನು ಸಾಕುತ್ತದೆ. ಬೇರಿಗೆ ಅಂಟಿಕೊಂಡ ಆ ತೆಳು ಮಣ್ಣಿಗೆ ರೈಜೋಸ್ಫಿಯರ್ ಅಂತ 1904ರಲ್ಲೇ ಹಿಲ್ಟ್ನರ್ ಅನ್ನುವ ಜರ್ಮನ್ ವಿಜ್ಞಾನಿ ಹೆಸರಿಟ್ಟ. ಇಂಥ ಬ್ಯಾಕ್ಟೀರಿಯಾಗಳನ್ನು ಬೆಳವಣಿಗೆ ಹೆಚ್ಚಿಸುವ ಗುಂಪು ಅಂತ ಕರೆದದ್ದು 1978ರಲ್ಲಿ, ಅಮೆರಿಕದ ಕ್ಲೋಪರ್ ಮತ್ತು ಶ್ರಾತ್, ಅವರು ನೋಡಿದ್ದು ಮೂಲಂಗಿಯಲ್ಲಿ.

ಪಾಠ ಸಾಕು. ಮುಖ್ಯ ವಿಷಯ ಮುಂದಿದೆ. "ಡ್ರಮ್ಮಿನ ನೀರು ಒಂದು ಬಾಟ್ಲು, ಪ್ಯಾಕೆಟ್ಟಿನ ಪುಡಿ ಒಂದು ಚಮಚ ತಗೊಂಡು ಬಾ" ಅಂದ. ಕಿಂಗ್ಸ್ ಬಿ ಅನ್ನುವ ಕಬ್ಬಿಣ ಕಮ್ಮಿ ಇರುವ ಆಹಾರದ ಪ್ಲೇಟುಗಳ ಮೇಲೆ ಎರಡನ್ನೂ ಸವರಿ ಇಟ್ಟ. ಎರಡು ದಿನ ಬಿಟ್ಟು ಹೋದೆ. ಡ್ರಮ್ಮಿನ ನೀರಿನ ಪ್ಲೇಟಿನಲ್ಲಿ ಬಿಳಿ, ಕೆನೆ, ಹಳದಿ, ಸುಕ್ಕು, ಲೋಳೆ, ನಾನಾ ಥರದ ಚುಕ್ಕೆಗಳ ಸಂತೆ. ಯುವಿ ಬಿಟ್ಟರೆ ಒಂದೂ ಹೊಳೆಯಲಿಲ್ಲ. ಪ್ಯಾಕೆಟ್ಟಿನ ಪುಡಿಯ ಪ್ಲೇಟಿನಲ್ಲೂ ಹೊಳೆಯುವುದು ಒಂದೂ ಇಲ್ಲ.

ಅಂದರೆ ನಾನು ಹೆಪ್ಪು ಅಂತ ಹಾಕಿದ್ದು ಸತ್ತ ಹೆಪ್ಪು. ಡ್ರಮ್ಮಿನಲ್ಲಿ ಬೆಳೆದದ್ದು ಬೆಲ್ಲದಲ್ಲಿ, ನೀರಿನಲ್ಲಿ, ಡ್ರಮ್ಮಿನ ಗೋಡೆಯಲ್ಲಿ, ನನ್ನ ಕೈಯಲ್ಲಿ ಇದ್ದದ್ದು. ಮಸುಕು ಬಂತು, ನೊರೆ ಬಂತು ಅಂತ ಕುಣಿದೆನಲ್ಲ, ಏನು ಬೆಳೆದರೂ ಮಸುಕು ಬರುತ್ತದೆ. ಪ್ಯಾಕೆಟ್ ತಂದ ಅಂಗಡಿ ನೆನಪಾಯಿತು. ಗಾಜಿನ ಶೋಕೇಸಿನಲ್ಲಿ, ಪಶ್ಚಿಮದ ಬಿಸಿಲು ನೇರ ಬೀಳುವ ಕಡೆ ಜೋಡಿಸಿಟ್ಟಿದ್ದರು. ತಾರೀಕು ಇನ್ನೂ ಮುಗಿದಿರಲಿಲ್ಲ, ಆದರೆ ಬ್ಯಾಕ್ಟೀರಿಯಾಗೆ ತಾರೀಕು ಓದಲು ಬರುವುದಿಲ್ಲ. ಬ್ಯಾಸಿಲಸ್ ಜಾತಿಯವು ಗಟ್ಟಿ ಚಿಪ್ಪಿನ ಬೀಜದಂತಾಗಿ ಬಿಸಿಲು ತಡೆಯುತ್ತವೆ. ಸ್ಯೂಡೋಮೊನಾಸ್‌ಗೆ ಆ ಚಿಪ್ಪು ಇಲ್ಲ.

ಗೆಳೆಯ ಇನ್ನೊಂದು ಎಚ್ಚರಿಕೆ ಕೊಟ್ಟ, ಇದನ್ನು ದಯವಿಟ್ಟು ಹಾರಿಸಿ ಓದಬೇಡಿ. ಹೊಳೆದರೂ ನಂಬುವ ಹಾಗಿಲ್ಲ. ಸ್ಯೂಡೋಮೊನಾಸ್ ಏರುಜಿನೋಸಾ ಅಂತ ಇದರ ದಾಯಾದಿ ಇದೆ. ಅದೂ ಹೊಳೆಯುತ್ತದೆ, ಗಾಯಕ್ಕೆ ಸೇರಿದರೆ ಕೀವು ಮಾಡುತ್ತದೆ, ಆಸ್ಪತ್ರೆಗಳಲ್ಲಿ ಅದೊಂದು ದೊಡ್ಡ ತಲೆನೋವು. ನೀರಿನಲ್ಲಿ, ಮಣ್ಣಿನಲ್ಲಿ ಎಲ್ಲ ಕಡೆ ಇರುತ್ತದೆ. ಗಲೀಜು ಡ್ರಮ್ಮಿನಲ್ಲಿ ನೀವು ಗೊತ್ತಿಲ್ಲದೆ ಅದನ್ನೇ ಸಾಕಿರಬಹುದು. ಅದು 42 ಡಿಗ್ರಿಯಲ್ಲಿ ಬೆಳೆಯುತ್ತದೆ, ಫ್ಲೋರೆಸೆನ್ಸ್ ಬೆಳೆಯುವುದಿಲ್ಲ, ಅದಕ್ಕೇ ಅವನು ಒಂದು ಪ್ಲೇಟನ್ನು 42ರಲ್ಲೂ ಇಟ್ಟು ನೋಡುತ್ತಾನೆ. ಆವತ್ತಿನಿಂದ ಗ್ಲೌಸು ಇಲ್ಲದೆ ಕೈ ಹಾಕುವುದಿಲ್ಲ. ಬುಡಕ್ಕೆ ಬಿಡುತ್ತೇನೆಯೇ ಹೊರತು ಕಾಯಿ ಮೇಲೆ, ಸೊಪ್ಪಿನ ಮೇಲೆ ಹೊಡೆಯುವುದಿಲ್ಲ.

ನವೆಂಬರ್, ಡ್ರಮ್ಮು ಬಿಟ್ಟು ಕ್ಯಾನು

ದೊಡ್ಡ ಡ್ರಮ್ಮಿನ ಆಸೆ ಅಲ್ಲಿಗೆ ಬಿಟ್ಟೆ. 180 ಲೀಟರ್ ನೀರನ್ನು ಕುದಿಸಲು ನನ್ನಿಂದ ಆಗುವುದಿಲ್ಲ, 15 ಲೀಟರ್ ಆಗುತ್ತದೆ. ಅಮ್ಮ ಹಬ್ಬಕ್ಕೆ ಪಾಯಸ ಮಾಡುವ ಪಾತ್ರೆ ಕೇಳಿದೆ, ಕೊಡಲಿಲ್ಲ, ನ್ಯಾಯ. ಬೇರೆ ಪಾತ್ರೆ ತಂದೆ.

ಆ ತಿಂಗಳು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ (ಜಿಕೆವಿಕೆ) ಕೃಷಿಮೇಳ. ಹೋದಾಗ ಹೊಸದಾಗಿ ತಯಾರಾದ ಕಲ್ಚರ್, ಅಂದರೆ ಜೀವಂತ ಬ್ಯಾಕ್ಟೀರಿಯಾ ತಂದೆ, ಬಸ್ಸಿನಲ್ಲಿ ಬರುವಾಗ ಟಿಫಿನ್ ಬ್ಯಾಗಿನೊಳಗೆ ಒದ್ದೆ ಬಟ್ಟೆ ಸುತ್ತಿಟ್ಟು, ಕಿಟಕಿ ಪಕ್ಕ ಕೂರದೆ. ಗೆಳೆಯನ ಪ್ಲೇಟಿನಲ್ಲಿ ಸವರಿದರೆ ಎರಡನೇ ದಿನ ಕತ್ತಲ ಕೋಣೆಯಲ್ಲಿ ಮಿಂಚುಹುಳ ಕೂತ ಹಾಗೆ ಹೊಳೆಯಿತು. 42 ಡಿಗ್ರಿಯ ಪ್ಲೇಟು ಖಾಲಿ. ಅದರಿಂದಲೇ ಅವನು ಬ್ಯಾಕ್ಟೀರಿಯಾ ಉಳಿಸಿಡುವ ಒಂದು ಸಣ್ಣ ಓರೆ ಟ್ಯೂಬು ಮಾಡಿಕೊಟ್ಟ, ಅದು ಫ್ರಿಜ್ಜಿನಲ್ಲಿ, ಕೊತ್ತಂಬರಿ ಡಬ್ಬಿಯ ಹಿಂದೆ, ಬೇರೆ ಡಬ್ಬಿಯಲ್ಲಿ, ಮೇಲೆ "ತಿನ್ನಬೇಡಿ" ಅಂತ ಚೀಟಿ.

ಈಗ ನಾನು ಮಾಡುವ ರೀತಿ ಇದು. ಬೆಲ್ಲ ಬಿಟ್ಟೆ. ಲೀಟರಿಗೆ 10 ಮಿಲಿ ಗ್ಲಿಸರಿನ್, ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಸಾರಜನಕಕ್ಕೆ ಕಡಲೆಕಾಯಿ ಹಿಂಡಿ, ಲೀಟರಿಗೆ ಒಂದು ಹಿಡಿ ಲೆಕ್ಕದಲ್ಲಿ ರಾತ್ರಿ ನೆನೆಸಿ, ಪಂಚೆಯಲ್ಲಿ ಎರಡು ಸಲ ಸೋಸಿದ ನೀರು. ಲೀಟರಿಗೆ ಒಂದೂವರೆ ಗ್ರಾಂ ಮೆಗ್ನೀಸಿಯಂ ಸಲ್ಫೇಟ್, ತೋಟಕ್ಕೆ ತರುವುದೇ. ಮೊದಲು ಇದರಲ್ಲಿ ಅರ್ಧ ಲೀಟರನ್ನು ಗಾಜಿನ ಬಾಟಲಿಗೆ ಹಾಕಿ, ಬಾಯಿಗೆ ಹತ್ತಿ ತುರುಕಿ, ಪ್ರೆಶರ್ ಕುಕ್ಕರಿನಲ್ಲಿ ವಿಷಲ್ ಬಂದ ಮೇಲೆ ಸಣ್ಣ ಉರಿಯಲ್ಲಿ ಅರ್ಧ ಗಂಟೆ. ಲ್ಯಾಬಿನವರ ಆಟೋಕ್ಲೇವ್ ಅನ್ನುವುದೂ ಒಂದು ಥರದ ಕುಕ್ಕರೇ, 121 ಡಿಗ್ರಿ ಹಬೆ. ತಣ್ಣಗಾದ ಮೇಲೆ ಸ್ಟವ್ ಉರಿಯ ಪಕ್ಕದಲ್ಲೇ ಓರೆ ಟ್ಯೂಬಿನಿಂದ ಒಂದು ತುದಿ ತೆಗೆದು ಹಾಕುತ್ತೇನೆ. ಫ್ಯಾನ್ ಆಫ್, ಬಾಗಿಲು ಹಾಕಿ, ಮಾತಾಡದೆ. ಎರಡು ದಿನ ದಿನಕ್ಕೆ ನಾಲ್ಕೈದು ಸಲ ಅಲ್ಲಾಡಿಸಿದರೆ ಬಾಟಲಿ ಮಸುಕಾಗುತ್ತದೆ. ಇದು ಹೆಪ್ಪು.

ಉಳಿದ 15 ಲೀಟರ್ ಪಾತ್ರೆಯಲ್ಲಿ ಅರ್ಧ ಗಂಟೆ ಕುದಿಸಿ, ಬಿಸಿ ಇರುವಾಗಲೇ 20 ಲೀಟರ್ ಕ್ಯಾನಿಗೆ ಸುರಿದು ಮುಚ್ಚುತ್ತೇನೆ. ಮೊದಲ ಕ್ಯಾನು ತೆಳುವಿನದು, ಬಿಸಿಗೆ ಹಪ್ಪಳದಂತೆ ಮಡಚಿಕೊಂಡಿತು, ದಪ್ಪನೆಯ ಬಿಳಿ ಕ್ಯಾನೇ ತನ್ನಿ. ರಾತ್ರಿ ತಣ್ಣಗಾದ ಮೇಲೆ ಅರ್ಧ ಲೀಟರ್ ಹೆಪ್ಪು ಪೂರ್ತಿ ಸುರಿಯುವುದು. ಹೆಪ್ಪು ಜಾಸ್ತಿ ಹಾಕಿದಷ್ಟೂ ನಮ್ಮದು ಮೊದಲು ಜಾಗ ಹಿಡಿಯುತ್ತದೆ, ಕಳ್ಳರಿಗೆ ಸಮಯ ಸಿಗುವುದಿಲ್ಲ.

ಗಾಳಿಯೂ ಗಲೀಜೇ ಅಂತ ಗೊತ್ತಾಗಿದ್ದು ಆಮೇಲೆ. 20 ಮಿಲಿ ಸಿರಿಂಜಿನ ಕೊಳವೆಗೆ ಒಣ ಹತ್ತಿ ಬಿಗಿಯಾಗಿ ತುರುಕಿ, ಪಂಪು ಮತ್ತು ಕ್ಯಾನಿನ ನಡುವೆ ಟ್ಯೂಬಿಗೆ ಸೇರಿಸಿದೆ. ಹತ್ತಿ ಒದ್ದೆಯಾದರೆ ಕೆಲಸಕ್ಕೆ ಬರುವುದಿಲ್ಲ, ಪ್ರತಿ ಸಲ ಹೊಸದು. ಗಾಳಿ ಕಲ್ಲನ್ನೂ ಪ್ರತಿ ಸಲ ಕುದಿಸಬೇಕು, ಇಲ್ಲದಿದ್ದರೆ ಅದರ ತೂತುಗಳಲ್ಲಿ ಲೋಳೆ ಕಟ್ಟಿ ಗುಳ್ಳೆ ದಪ್ಪವಾಗುತ್ತದೆ. ದಪ್ಪ ಗುಳ್ಳೆಯಿಂದ ಸದ್ದು ಜಾಸ್ತಿ, ಆಮ್ಲಜನಕ ಕಮ್ಮಿ. ನೊರೆ ಉಕ್ಕಿದರೆ ಎರಡು ಹನಿ ಅಡುಗೆ ಎಣ್ಣೆ.

ಡಿಸೆಂಬರಿನಲ್ಲಿ ಎರಡು ದಿನದ ಕೆಲಸ ನಾಲ್ಕು ದಿನ ಹಿಡಿಯಿತು, ರಾತ್ರಿ ಚಳಿಗೆ. ಇದಕ್ಕೆ 25ರಿಂದ 30 ಡಿಗ್ರಿ ಹಿತ. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಕ್ಯಾನು ಇಟ್ಟು ಪಕ್ಕಕ್ಕೆ ಹಳೆಯ 40 ವ್ಯಾಟಿನ ಬಲ್ಬು ಹಾಕಿದೆ, ಕೋಳಿಮರಿ ಸಾಕುವ ಹಾಗೆ. ಸರಿಹೋಯಿತು.

ಜನವರಿಯ ಒಂದು ಬ್ಯಾಚನ್ನು ಗೆಳೆಯ ಎಣಿಸಿದ. ಹತ್ತು ಪಟ್ಟು, ನೂರು ಪಟ್ಟು ಅಂತ ತೆಳುಮಾಡುತ್ತಾ ಹೋಗಿ ಚುಕ್ಕೆ ಎಣಿಸುವುದು. ಮಿಲಿಗೆ 10 ಕೋಟಿ ದಾಟಿತ್ತು. ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ದ್ರವ ಜೈವಿಕ ಗೊಬ್ಬರಕ್ಕೆ ಮಿಲಿಗೆ ಕನಿಷ್ಠ 10 ಕೋಟಿ, ಪುಡಿಗೆ ಗ್ರಾಮಿಗೆ 5 ಕೋಟಿ ಇರಬೇಕು ಅಂತಿದೆ, ನಾವು ಅದನ್ನು ಮುಟ್ಟಿದೆವಲ್ಲ ಅಂತ ಇಬ್ಬರೂ ಮುಳಬಾಗಿಲು ದೋಸೆ ತಿಂದೆವು. ಮಾರುವ ಯೋಚನೆ ಬಂದವರಿಗೆ ಒಂದು ಮಾತು, ಅದಕ್ಕೆ ಲೈಸೆನ್ಸು ಬೇಕು, ನಾನು ಮಾಡುವುದು ನನ್ನ ತೋಟಕ್ಕೆ ಮಾತ್ರ.

ತೋಟದಲ್ಲಿ

ಪ್ರೋಟ್ರೇ (ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆ) ಸಸಿಗಳ ಬೇರನ್ನು ನಾಟಿಗೆ ಮೊದಲು ಅರ್ಧ ಗಂಟೆ ಅದ್ದಿದೆ, ಲೀಟರಿಗೆ 50 ಮಿಲಿ. ಆಮೇಲೆ ಹದಿನೈದು ದಿನಕ್ಕೊಮ್ಮೆ ಸಂಜೆ, ಡ್ರಿಪ್ಪಿನ ನೀರಿಗೆ ದ್ರವ ಎಳೆದು ಬೆರೆಸುವ ವೆಂಚುರಿಯಲ್ಲಿ. ಮೊದಲ ಸಲವೇ ಡ್ರಿಪ್ಪರುಗಳು ಕಟ್ಟಿದವು. ಹಿಂಡಿಯ ಸಣ್ಣ ಚೂರು, ಜೊತೆಗೆ ಲೋಳೆ. ಈಗ ಪಂಚೆಯಲ್ಲಿ ಮತ್ತೆ ಸೋಸಿ ಬಿಡುತ್ತೇನೆ, ಮುಗಿದ ಮೇಲೆ ಹದಿನೈದು ನಿಮಿಷ ಬರೀ ನೀರು ಓಡಿಸಿ, ಸಾಲಿನ ಪೈಪಿನ (ಲ್ಯಾಟರಲ್) ತುದಿ ಬಿಚ್ಚಿ ಕೆಸರು ಹೊರಗೆ ಬಿಡುತ್ತೇನೆ.

ತಾಮ್ರದ ಔಷಧಿ, ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಇದರ ಹಿಂದೆ ಮುಂದೆ ಬುಡಕ್ಕೆ ಬಿಡಬೇಡಿ, ಕಾಸು ಕೊಟ್ಟು ಸಾಕಿ ಕಾಸು ಕೊಟ್ಟು ಕೊಂದ ಹಾಗೆ. ನಾನು ಹತ್ತು ದಿನ ಅಂತರ ಬಿಡುತ್ತೇನೆ. ಮತ್ತೆ ನಮ್ಮ ಕೆಂಪು ಮಣ್ಣಿನಲ್ಲಿ ಸಾವಯವ ಅಂಶ ಬಹಳ ಕಮ್ಮಿ. ಕೊಟ್ಟಿಗೆ ಗೊಬ್ಬರ ಹಾಕದ ಸಾಲಿಗೆ ಇದನ್ನು ಬಿಡುವುದು, ಮನೆಗೆ ನೆಂಟರನ್ನು ಕರೆದು ಒಲೆ ಹಚ್ಚದೆ ಕೂತ ಹಾಗೆ.

ಎಂಟು ಸಾಲಿನಲ್ಲಿ ಒಂದು ಬಿಟ್ಟು ಒಂದಕ್ಕೆ, ಅಂದರೆ ನಾಲ್ಕಕ್ಕೆ ಕ್ಯಾನಿನ ನೀರು ಬಿಟ್ಟೆ, ನಾಲ್ಕಕ್ಕೆ ಬಿಡಲಿಲ್ಲ. ಒಂದೊಂದು ಕಡೆ ಸುಮಾರು 400 ಗಿಡ. ಎರಡು ತಿಂಗಳಿಗೆ ಸೊರಗಿದ್ದು ಬಿಟ್ಟ ಕಡೆ 19, ಬಿಡದ ಕಡೆ 34. ಇದನ್ನು ಪ್ರಯೋಗ ಅಂತ ಎಲ್ಲೂ ಹೇಳಬೇಡಿ. ಬಿಡದ ಸಾಲುಗಳಲ್ಲಿ ಒಂದು ನೀರು ನಿಲ್ಲುವ ತಗ್ಗಿನಲ್ಲಿತ್ತು, ಸತ್ತದ್ದರಲ್ಲಿ ಒಂಬತ್ತು ಅಲ್ಲೇ. ಆ ಸಾಲನ್ನೇ ತೆಗೆದು ಲೆಕ್ಕ ಹಾಕಿದರೂ ವ್ಯತ್ಯಾಸ ಹೆಚ್ಚು ಬದಲಾಗುವುದಿಲ್ಲ, ಆದರೂ ಎಂಟು ಸಾಲಿನಿಂದ ಏನನ್ನೂ ಸಾಬೀತು ಮಾಡಲು ಆಗುವುದಿಲ್ಲ. ಕಿತ್ತು ನೋಡಿದ ಗಿಡಗಳಲ್ಲಿ ಸಣ್ಣ ಬಿಳಿ ಬೇರು ಬಿಟ್ಟ ಕಡೆ ಜಾಸ್ತಿ ಇತ್ತು, ಅದು ಮಾತ್ರ ಕಣ್ಣಿಗೆ ಕಾಣುವಷ್ಟು. ಇಳುವರಿ ಬೇರೆ ಬೇರೆ ತೂಗಲು ಆಗಲಿಲ್ಲ, ಕೊಯ್ಲಿನ ದಿನ ಆಳುಗಳು ಎಲ್ಲ ಸಾಲಿನದೂ ಒಂದೇ ಬಾಕ್ಸಿಗೆ ತುಂಬಿ ಕೋಲಾರದ ಮಂಡಿಗೆ ಕಳಿಸಿಬಿಟ್ಟಿದ್ದರು. ಮುಂದಿನ ಸಲ ಸಾಲಿಗೊಂದು ಬಣ್ಣದ ದಾರ ಕಟ್ಟುತ್ತೇನೆ.

ಏಪ್ರಿಲ್

ಶೀಟಿನ ಶೆಡ್ಡಿನಲ್ಲಿ ಮಧ್ಯಾಹ್ನ ಕ್ಯಾನಿಗೆ ಥರ್ಮಾಮೀಟರ್ ಇಳಿಬಿಟ್ಟರೆ 39. ಆ ಬ್ಯಾಚು ನಿಂತೇ ಹೋಯಿತು. ಈಗ ಕ್ಯಾನು ಹೊಂಗೆ ಮರದ ಕೆಳಗೆ, ನೀರು ತುಂಬಿದ ಬಾಂಡಲಿಯಲ್ಲಿ ಕೂತಿದೆ, ಮೈಗೆ ಒದ್ದೆ ಗೋಣಿಚೀಲ. ಮಧ್ಯಾಹ್ನವೂ 30 ದಾಟುವುದಿಲ್ಲ. ವೈರು ಮರದವರೆಗೆ ಎಳೆದಿದ್ದೇನೆ, ರಿಲೇಯನ್ನು ಹಳೆಯ ಟಿಫಿನ್ ಡಬ್ಬಿಯಲ್ಲಿ ಮುಚ್ಚಿ ಕೊಂಬೆಗೆ ಕಟ್ಟಿದ್ದೇನೆ. 200 ಲೀಟರ್ ಡ್ರಮ್ಮನ್ನು ಅಮ್ಮ ಹಸುಗಳ ನೀರಿಗೆ ತೆಗೆದುಕೊಂಡಳು.

ಎರಡನೇ ಪಂಪಿನ ರಬ್ಬರ್ ಡಯಾಫ್ರಾಮ್ ಸವೆದು ಹೋದ ವಾರ ಅದೂ ಹೋಯಿತು. ಮೂರನೆಯದು ಸ್ವಲ್ಪ ಗಡಸು ದನಿಯದು, ರಾತ್ರಿಯೆಲ್ಲ ಗೊರಗೊರ ಅನ್ನುತ್ತದೆ. ಅಪ್ಪ ಬೇಸಿಗೆಯಲ್ಲಿ ಮಲಗುವುದು ಅದೇ ಹೊಂಗೆ ಮರದ ಕೆಳಗೆ, ಮಂಚ ಹಾಕಿಕೊಂಡು. ಮೊದಲೆರಡು ದಿನ ನಿದ್ದೆ ಬರಲಿಲ್ಲ ಅಂತ ಬೈದರು. ನಿನ್ನೆ ರಾತ್ರಿ ಎರಡು ಗಂಟೆಗೆ ಬಂದು ಬಾಗಿಲು ಬಡಿದರು. "ಏಳಪ್ಪಾ, ನಿನ್ನ ಪಂಪು ಸುಮ್ಕಾಗೋಯ್ತು, ಏನೋ ನೋಡು." ಹೋಗಿ ನೋಡಿದರೆ ಫ್ಯೂಸಿನ ವೈರು ಸಡಿಲ.